ಕೆಟ್ಟ ಫ್ರಿಡ್ಜ್‌ ಒಳಗೆ ಗಿಡ ಬೆಳೆಸುವುದು: ನನ್ನ ಅನುಭವ

ಕೆಟ್ಟು ಮೂಲೆ ಸೇರಿದ ಫ್ರಿಡ್ಜ್‌ ಒಳಗೆ ಸೊಪ್ಪು, ಸಸಿ ಬೆಳೆಸಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಬೆಳೆಸಬಹುದು. ನಾನು ಬೆಳೆಸುತ್ತಿದ್ದೇನೆ, ಚೆನ್ನಾಗಿಯೇ ಬರುತ್ತಿದೆ. ಆದರೆ ಕೈ ಹಾಕುವ ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಬೇಕು. ಫ್ರಿಡ್ಜ್‌ ಅನ್ನು ತಯಾರಿಸಿರುವುದೇ ಗಾಳಿ ಆಡದ ಹಾಗೆ, ಶಾಖ ದಾಟದ ಹಾಗೆ. ಗಿಡಕ್ಕೆ ಬೇಕಿರುವುದು ಇದರ ಪೂರ್ತಿ ಉಲ್ಟಾ. ಎಲ್ಲರೂ ಯಾವ ಲೈಟ್, ಎಷ್ಟು ವ್ಯಾಟ್ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ಲೈಟ್ ಹಾಕುವುದು ಸುಲಭ, ಮುಕ್ಕಾಲು ಪಾಲು ಕೆಲಸ ಗಾಳಿಯದ್ದೇ.

ಹಾಗಿದ್ದರೆ ಫ್ರಿಡ್ಜೇ ಯಾಕೆ, ಒಂದು ಮರದ ಕಪಾಟು ಸಾಲದಾ? ಸಾಲುತ್ತದೆ. ಆದರೆ ಫ್ರಿಡ್ಜ್‌ನಲ್ಲಿ ಕೆಲವು ಅನುಕೂಲ ರೆಡಿಯಾಗಿ ಸಿಗುತ್ತವೆ. ಒಳಗಿನ ಬಿಳಿ ಪ್ಲಾಸ್ಟಿಕ್ ಬೆಳಕನ್ನು ಚೆನ್ನಾಗಿ ವಾಪಸ್ ಕೊಡುತ್ತದೆ, ಮತ್ತೆ ಫಾಯಿಲ್ ಅಂಟಿಸುವ ಕೆಲಸ ಇಲ್ಲ. ನೀರು ಚೆಲ್ಲಿದರೆ ಉಬ್ಬುವುದಿಲ್ಲ, ಒರೆಸಿದರೆ ಆಯಿತು. ಶೆಲ್ಫ್ ಎತ್ತರ ಬದಲಿಸಬಹುದು. ಹಿಂದುಗಡೆ ಕೆಳಗೆ ನೀರು ಹೋಗುವ ಸಣ್ಣ ತೂತು ಮೊದಲೇ ಇರುತ್ತದೆ. ಬಾಗಿಲು ಹಾಕಿದರೆ ರಾತ್ರಿಯೆಲ್ಲಾ ಲೈಟ್ ಉರಿದರೂ ಕೋಣೆಯಲ್ಲಿ ಮಲಗಿದವರ ಕಣ್ಣಿಗೆ ಬೀಳುವುದಿಲ್ಲ. ಈ ಕೊನೆಯದು ಎಷ್ಟು ಉಪಯೋಗಕ್ಕೆ ಬಂತು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಮೊದಲ ಕೆಲಸ ಗ್ಯಾಸ್. ಇದನ್ನು ನೀವೇ ಮಾಡಬೇಡಿ. ಫ್ರಿಡ್ಜ್ ಕೆಟ್ಟಿದೆ ಅಂದ ಮಾತ್ರಕ್ಕೆ ಗ್ಯಾಸ್ ಖಾಲಿಯಾಗಿದೆ ಅಂತಲ್ಲ. ಕಂಪ್ರೆಸರ್ ಮೇಲೋ ಒಳಗಿನ ಸ್ಟಿಕ್ಕರ್‌ನಲ್ಲೋ ಯಾವ ಗ್ಯಾಸ್ ಅಂತ ಬರೆದಿರುತ್ತದೆ. ಆರ್-600ಎ ಅಂತ ಇದ್ದರೆ ಅದು ಐಸೊಬ್ಯೂಟೇನ್, ಬೆಂಕಿ ಹತ್ತುವ ಅನಿಲ. ತುಂಬಾ ಹಳೆಯ ಫ್ರಿಡ್ಜ್ ಆದರೆ ಆರ್-12 ಇರಬಹುದು, ಅದು ಓಝೋನ್ ಪದರಕ್ಕೆ ಹಾನಿ ಮಾಡುತ್ತದೆ. ಆರ್-134ಎ ಉರಿಯುವುದಿಲ್ಲ, ಆದರೆ ಗಾಳಿಗೆ ಬಿಟ್ಟರೆ ಭೂಮಿಯ ಶಾಖ ಹೆಚ್ಚಿಸುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಜಾಸ್ತಿ. ಹಾಗಾಗಿ ಪೈಪ್ ಕತ್ತರಿಸಿ ಸುಮ್ನೆ ಬಿಟ್ಟುಬಿಡುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಗ್ಯಾಸ್ ಹಿಡಿದಿಟ್ಟುಕೊಳ್ಳುವ ಸಿಲಿಂಡರ್ ಇರುವ ಮೆಕ್ಯಾನಿಕ್‌ರನ್ನು ಕರೆಸಿ ತೆಗೆಸಿದೆ. ಅವರ ಕೈಯಲ್ಲೇ ಕಂಪ್ರೆಸರ್, ಕೆಪಾಸಿಟರ್, ಒಳಗಿನ ಫ್ರೀಜರ್ ಪೆಟ್ಟಿಗೆ ಎಲ್ಲವನ್ನೂ ಬಿಚ್ಚಿಸಿದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರಬಹುದು, ಬರಿಗೈಯಲ್ಲಿ ಮುಟ್ಟಬಾರದು.

ಕೂಲಿಂಗ್ ಉಳಿಸಿಕೊಂಡು ಗಿಡಕ್ಕೆ ಏಸಿ ಥರ ಬಳಸಬಹುದಲ್ವಾ ಅಂತ ಅನ್ನಿಸುತ್ತದೆ. ನಾನು ಬೇಡ ಅಂದುಕೊಂಡೆ. ತಣ್ಣನೆಯ ಪ್ಲೇಟ್ ಗಾಳಿಯ ತೇವವನ್ನೆಲ್ಲಾ ಹೀರಿ ನೀರಾಗಿಸುತ್ತದೆ, ಫ್ರಿಡ್ಜ್‌ನ ಥರ್ಮೋಸ್ಟ್ಯಾಟ್ ಇಷ್ಟು ಬೆಚ್ಚಗಿನ ಮಟ್ಟಕ್ಕೆ ಮಾಡಿದ್ದೇ ಅಲ್ಲ.

ಕಂಪ್ರೆಸರ್ ತೆಗೆದದ್ದರಿಂದ ಒಂದು ದೊಡ್ಡ ಲಾಭ ಆಯಿತು. ಹಿಂದುಗಡೆ ಕೆಳಗೆ ಅದು ಕೂರುತ್ತಿದ್ದ ಜಾಗ ಖಾಲಿಯಾಯಿತು. ಅದು ಫೋಮ್‌ನ ಗೋಡೆಗಳ ಹೊರಗೆ ಇರುವ ಜಾಗ, ಗಾಳಿ ಆಡುತ್ತದೆ. ಎಲ್‌ಇಡಿ ಡ್ರೈವರ್ (ಲೈಟಿಗೆ ತಕ್ಕ ಕರೆಂಟ್ ಕೊಡುವ ಸಾಧನ), ಫ್ಯಾನ್‌ನ 12 ವೋಲ್ಟ್ ಸಪ್ಲೈ, ಟೈಮರ್ ಎಲ್ಲವನ್ನೂ ಒಂದು ಮುಚ್ಚಳದ ಡಬ್ಬಿಯಲ್ಲಿ ಹಾಕಿ ಅಲ್ಲೇ ಕೂರಿಸಿದೆ. ಡ್ರೈವರ್‌ನ ಬಿಸಿ ಒಳಗೆ ಬರುವುದೇ ಇಲ್ಲ. ವೈರ್‌ಗಳಿಗೆ ಹೊಸ ತೂತು ಬೇಕಾಗಲಿಲ್ಲ, ಹಳೆಯ ಡ್ರೈನ್ ತೂತಿನಲ್ಲೇ ಒಳಗೆ ಹೋದವು.

ಆದರೆ ಭಾರದ ವಿಷಯ ಗಮನಿಸಿ. ಫ್ರಿಡ್ಜ್ ಅಲುಗಾಡದೆ ನಿಲ್ಲುತ್ತಿದ್ದದ್ದೇ ಹಿಂದೆ ಕೆಳಗಿದ್ದ ಆ ಕಂಪ್ರೆಸರ್ ಭಾರದಿಂದ. ಅದು ಹೋದ ಮೇಲೆ ಬಾಗಿಲು ತೆಗೆದರೆ ಇಡೀ ಡಬ್ಬಿ ಮುಂದಕ್ಕೆ ವಾಲಬಹುದು. ಎರಡು ಎಲ್ ಕ್ಲಾಂಪ್ ಹಾಕಿ ಗೋಡೆಗೆ ಸ್ಕ್ರೂ ಮಾಡಿದೆ. ಬಾಗಿಲಿನ ಕಟ್ಟೆಗಳಲ್ಲಿ ನೀರಿನ ಬಾಟಲಿ, ಗೊಬ್ಬರ ಏನೂ ಇಡುವುದಿಲ್ಲ.

ಈಗ ಗಾಳಿಗೆ ತೂತು ಕೊರೆಯುವುದು. ಹಿಂದೆ ಕಪ್ಪು ಜಾಲರಿ ಕಾಣುವ ಹಳೆಯ ಮಾಡೆಲ್‌ಗಳಲ್ಲಿ ಸಾಮಾನ್ಯವಾಗಿ ಪಕ್ಕದ ಗೋಡೆಗಳಲ್ಲಿ ಬರೀ ಫೋಮ್ ಇರುತ್ತದೆ. ಹಿಂಭಾಗ ನುಣ್ಣಗಿರುವ ಹೊಸ ಮಾಡೆಲ್‌ಗಳಲ್ಲಿ ಬಿಸಿ ಪೈಪ್‌ಗಳು ಪಕ್ಕದ ತಗಡಿನ ಒಳಗೇ ಓಡುತ್ತವೆ, ಬಾಗಿಲಿನ ಚೌಕಟ್ಟಿನ ಸುತ್ತಲೂ ಒಂದು ಪೈಪ್ ಇರಬಹುದು. ನಿಮ್ಮ ಫ್ರಿಡ್ಜ್ ಇನ್ನೂ ಓಡುತ್ತಿದ್ದರೆ ಗ್ಯಾಸ್ ತೆಗೆಸುವ ಮೊದಲೇ ಅರ್ಧ ಗಂಟೆ ಓಡಿಸಿ, ಹೊರಗೆ ಅಂಗೈ ಸವರುತ್ತಾ ಹೋಗಿ. ಬೆಚ್ಚಗಿರುವ ಗೆರೆ ಗೆರೆ ಕೈಗೆ ಸಿಗುತ್ತದೆ, ಅಲ್ಲೆಲ್ಲಾ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ. ನನ್ನದು ಓಡುತ್ತಿರಲಿಲ್ಲ. ಹಾಗಾಗಿ ಒಳಗಿನಿಂದ ಬರೀ ಪ್ಲಾಸ್ಟಿಕ್ ಅನ್ನು ಮಾತ್ರ ಕತ್ತರಿಸಿ, ಹಳದಿ ಫೋಮ್ ಅನ್ನು ಹಳೆಯ ಚಮಚದಿಂದ ಸ್ವಲ್ಪ ಸ್ವಲ್ಪವೇ ಕೆರೆದು, ಬೆರಳಿನಿಂದ ತಡವಿ, ಪೈಪ್ ಇಲ್ಲ ಅಂತ ಖಾತ್ರಿಯಾದ ಮೇಲೆ ಹೊರಗಿನ ತಗಡಿಗೆ ಹೋಲ್ ಸಾ (ಡ್ರಿಲ್‌ಗೆ ಹಾಕುವ ದುಂಡು ಗರಗಸ) ಹಾಕಿದೆ. ನಿಧಾನ, ಆದರೆ ನೆಮ್ಮದಿ. ಮಾಸ್ಕ್ ಹಾಕಿಕೊಳ್ಳಿ, ಆ ಫೋಮ್ ಪುಡಿ ಎಲ್ಲೆಂದರಲ್ಲಿ ಹಾರುತ್ತದೆ. ಅದು ಪಾಲಿಯುರೆಥೇನ್, ಚೆನ್ನಾಗಿ ಉರಿಯುತ್ತದೆ, ಹತ್ತಿರದಲ್ಲಿ ವೆಲ್ಡಿಂಗ್, ಬೆಸುಗೆ ಯಾವುದೂ ಬೇಡ. ತೂತಿಗೆ ಪಿವಿಸಿ ಪೈಪ್‌ನ ತುಂಡು ತೂರಿಸಿ, ಅಂಚಿಗೆ ಅಲ್ಯೂಮಿನಿಯಂ ಟೇಪ್ ಸುತ್ತಿದೆ. ಇಲ್ಲದಿದ್ದರೆ ಒಳಗಿನ ತೇವ ಫೋಮ್‌ಗೆ ಇಳಿದು ಮುಗ್ಗಲು ವಾಸನೆ ಹಿಡಿಯುತ್ತದೆ.

ಗಾಳಿಯ ಲೆಕ್ಕ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಜನ ಇಲ್ಲೇ ಅಂದಾಜಿನ ಮೇಲೆ ಹೋಗುತ್ತಾರೆ. ಎಲ್‌ಇಡಿ ತಣ್ಣಗಿರುತ್ತದೆ ಅನ್ನುವುದು ಅರ್ಧ ಸತ್ಯ. ಮುಚ್ಚಿದ ಡಬ್ಬಿಯೊಳಗೆ ಉರಿಸಿದ ಕರೆಂಟ್‌ನ ಹೆಚ್ಚುಕಡಿಮೆ ಪೂರ್ತಿ ಕೊನೆಗೆ ಶಾಖವೇ ಆಗುತ್ತದೆ, ಬೆಳಕು ಕೂಡ ಗೋಡೆಗೆ, ಎಲೆಗೆ ಬಿದ್ದು ಶಾಖವಾಗುತ್ತದೆ. ಫೋಮ್ ಗೋಡೆ ಅದನ್ನು ಹೊರಗೆ ಬಿಡುವುದಿಲ್ಲ. ಆದ್ದರಿಂದ ಆ ಶಾಖವನ್ನು ಗಾಳಿಯೇ ಹೊತ್ತು ಹೊರಗೆ ಹಾಕಬೇಕು. ಲೆಕ್ಕ ಹಾಕಿದರೆ ಒಂದು ಸುಲಭದ ಸೂತ್ರ ಸಿಗುತ್ತದೆ: ಒಳಗಿನ ಬಿಸಿ ಕೋಣೆಗಿಂತ 3 ಡಿಗ್ರಿಗಿಂತ ಜಾಸ್ತಿ ಆಗಬಾರದು ಅಂದರೆ, ಪ್ರತಿ ಒಂದು ವ್ಯಾಟ್‌ಗೆ ಗಂಟೆಗೆ ಒಂದು ಘನ ಮೀಟರ್ ಗಾಳಿ ಬೇಕು. ನನ್ನ ಲೈಟ್ ಒಟ್ಟು 60 ವ್ಯಾಟ್, ಅಂದರೆ ಗಂಟೆಗೆ 60 ಘನ ಮೀಟರ್. ಕಂಪ್ಯೂಟರ್‌ನ 120 ಮಿ.ಮೀ. ಫ್ಯಾನ್‌ಗಳಲ್ಲಿ ಹಲವು ಇದಕ್ಕಿಂತ ಹೆಚ್ಚು ಗಾಳಿ ಕೊಡುತ್ತವೆ ಅಂತ ಡಬ್ಬಿ ಮೇಲೆ ಬರೆದಿರುತ್ತದೆ, ಆದರೆ ಅದು ಬಯಲಿನಲ್ಲಿ ತಿರುಗಿದಾಗಿನ ಮಾತು. ಜಾಲರಿ, ಫಿಲ್ಟರ್, ತಿರುವು ಎಲ್ಲಾ ಸೇರಿದರೆ ತುಂಬಾ ಕಡಿಮೆಯಾಗುತ್ತದೆ. ಹಾಗಾಗಿ ಮೇಲೆ ಎರಡು ಫ್ಯಾನ್ ಹಾಕಿ ಎರಡನ್ನೂ ಮೆಲ್ಲಗೆ ಓಡಿಸುತ್ತೇನೆ. ಸದ್ದೂ ಕಡಿಮೆ, ಒಂದು ನಿಂತರೆ ಇನ್ನೊಂದು ಇರುತ್ತದೆ.

ಫ್ಯಾನ್‌ಗಳು ಮೇಲಿನಿಂದ ಗಾಳಿಯನ್ನು ಹೊರಗೆ ಎಳೆಯುತ್ತವೆ. ಒಳಗೆ ಬರುವ ತೂತುಗಳು ಕೆಳಗಿವೆ, ಅವಕ್ಕೆ ಸೊಳ್ಳೆ ಪರದೆಯ ಜಾಲರಿ ಹಾಕಿದ್ದೇನೆ. ಗಾಜಿನ ಶೆಲ್ಫ್ ಗಾಳಿಯನ್ನು ಪೂರ್ತಿ ತಡೆಯುತ್ತದೆ, ಅದರ ಬದಲು ತಂತಿಯ ಶೆಲ್ಫ್ ಒಳ್ಳೆಯದು. ಟ್ರೇಗಳನ್ನು ಒಂದು ಶೆಲ್ಫ್‌ನಲ್ಲಿ ಹಿಂದಕ್ಕೆ, ಇನ್ನೊಂದರಲ್ಲಿ ಮುಂದಕ್ಕೆ ಸರಿಸಿ ಇಟ್ಟರೆ ಗಾಳಿ ಅಂಕುಡೊಂಕಾಗಿ ಎಲ್ಲಾ ಗಿಡಗಳ ಮೇಲೆ ಹಾದು ಹೋಗುತ್ತದೆ. ಪ್ರತಿ ಶೆಲ್ಫ್‌ಗೆ ಒಂದು ಚಿಕ್ಕ ಫ್ಯಾನ್ ಬೇರೆ ಇದೆ. ಎಲೆ ಸಣ್ಣಗೆ ನಡುಗಬೇಕು, ಬಾಗಬಾರದು, ಅಷ್ಟು ಸಾಕು. ಹೀಗೆ ಅಲುಗಾಡುತ್ತಾ ಬೆಳೆದ ಸಸಿಯ ಕಾಂಡ ಗಟ್ಟಿಯಾಗಿರುತ್ತದೆ.

ಗಾಳಿ ಬೇಕಿರುವುದು ಬರೀ ಬಿಸಿಗಲ್ಲ. 150 ಲೀಟರ್ ಡಬ್ಬಿಯ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೆಚ್ಚೆಂದರೆ 0.1 ಗ್ರಾಂ ಚಿಲ್ಲರೆ. ಜೋರು ಬೆಳಕಿನಲ್ಲಿ ಎಲೆ ತುಂಬಿದ ಎರಡು ಟ್ರೇಗೆ ಅದು ಒಂದು ಗಂಟೆಗೂ ಸಾಲದು. ಹೊಸ ಗಾಳಿ ಬರದ ಹಾಗೆ ಮುಚ್ಚಿಟ್ಟು ಎಷ್ಟೇ ಬೆಳಕು ಸುರಿದರೂ ಗಿಡ ಬೆಳೆಯಲಾರದು.

ಗಿಡ ಇಡುವ ಮೊದಲು ಖಾಲಿ ಡಬ್ಬಿಯಲ್ಲೇ ಲೈಟ್, ಫ್ಯಾನ್ ಹಾಕಿ, ಮೇಲಿನ ಶೆಲ್ಫ್‌ನಲ್ಲಿ ಒಂದು, ಕೆಳಗೆ ಒಂದು, ಕೋಣೆಯಲ್ಲಿ ಒಂದು ಥರ್ಮಾಮೀಟರ್ ಇಟ್ಟು ಇಡೀ ದಿನ ನೋಡಿದೆ. ಮೇಲಿನ ಶೆಲ್ಫ್ ಯಾವಾಗಲೂ ಕೆಳಗಿನದಕ್ಕಿಂತ ಬೆಚ್ಚಗಿರುತ್ತದೆ. ಅದಕ್ಕೇ ಈಗ ಮೇಲೆ ಕಾಮಕಸ್ತೂರಿ, ಮೆಣಸಿನಕಾಯಿ ಸಸಿ. ಕೆಳಗೆ ತಂಪು ಬಯಸುವ ಲೆಟ್ಯೂಸ್. ಇನ್ನೊಂದು ಮಾತು, ಫ್ಯಾನ್ ಎಷ್ಟೇ ಓಡಿದರೂ ಒಳಗಿನ ಬಿಸಿ ಕೋಣೆಗಿಂತ ಕಡಿಮೆ ಆಗುವುದಿಲ್ಲ. ಕೋಣೆಯೇ 30 ಡಿಗ್ರಿ ಇದ್ದರೆ ಒಳಗೆ 33. ಲೆಟ್ಯೂಸ್‌ಗೆ 18ರಿಂದ 24 ಡಿಗ್ರಿ ಹಿತ, ಬಿಸಿ ಜಾಸ್ತಿಯಾದರೆ ದಂಟು ಎತ್ತಿ ಎಲೆ ಕಹಿಯಾಗುತ್ತದೆ. ಇದಕ್ಕೆ ನಾನು ಮಾಡಿದ್ದು ಇಷ್ಟೇ, ಗಿಡದ ಹಗಲನ್ನು ರಾತ್ರಿಗೆ ಸರಿಸಿದೆ. ಸಂಜೆ ಲೈಟ್ ಹತ್ತುತ್ತದೆ, ಮಾರನೇ ದಿನ ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಆರುತ್ತದೆ. ಕೋಣೆ ಕಾಯುವ ಮಧ್ಯಾಹ್ನ ಗಿಡ ಕತ್ತಲಲ್ಲಿ ನಿದ್ದೆ ಮಾಡುತ್ತದೆ. ಬಾಗಿಲಿರುವ ಡಬ್ಬಿ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ ಅಲ್ವಾ.

ಲೈಟ್ ವಿಷಯ. ಗಿಡಕ್ಕೆ ಸಿಗುವ ಬೆಳಕನ್ನು ಒಂದು ಚದರ ಮೀಟರ್ ಜಾಗಕ್ಕೆ ಸೆಕೆಂಡಿಗೆ ಇಷ್ಟು ಮೈಕ್ರೋಮೋಲ್ (ಬೆಳಕಿನ ಕಣಗಳ ಎಣಿಕೆ, ಹತ್ತು ಲಕ್ಷ ಸೇರಿದರೆ ಒಂದು ಮೋಲ್) ಅಂತ ಅಳೆಯುತ್ತಾರೆ, ಪಿಪಿಎಫ್‌ಡಿ ಅನ್ನುವುದು ಅದೇ. ಸೊಪ್ಪಿಗೆ 200ರಿಂದ 250 ಸಾಕು. 250ರಂತೆ ದಿನಕ್ಕೆ 16 ಗಂಟೆ ಕೊಟ್ಟರೆ ಚದರ ಮೀಟರ್‌ಗೆ ಒಟ್ಟು 14.4 ಮೋಲ್ ಆಗುತ್ತದೆ, ಲೆಟ್ಯೂಸ್‌ಗೆ ಅದು ಚೆನ್ನಾಗಿ ಹೊಂದುತ್ತದೆ. ನನ್ನ ಶೆಲ್ಫ್ 45 ಸೆಂ.ಮೀ. ಅಗಲ, 35 ಸೆಂ.ಮೀ. ಆಳ, ಅಂದರೆ ಸುಮಾರು 0.16 ಚದರ ಮೀಟರ್. ಬೇಕಾದ ಬೆಳಕು ಸೆಕೆಂಡಿಗೆ 40 ಮೈಕ್ರೋಮೋಲ್. ಒಳ್ಳೆಯ ಬಿಳಿ ಎಲ್‌ಇಡಿ ಒಂದು ವ್ಯಾಟ್‌ಗೆ ಸುಮಾರು 2 ಮೈಕ್ರೋಮೋಲ್ ಕೊಡುತ್ತದೆ, ಆಚೀಚೆ ಹೋಗುವುದನ್ನೂ ಸೇರಿಸಿದರೆ ಶೆಲ್ಫ್‌ಗೆ 25ರಿಂದ 30 ವ್ಯಾಟ್. ಅದಕ್ಕಿಂತ ಜಾಸ್ತಿ ಹಾಕಿದರೆ ಬಿಸಿಯ ತಲೆನೋವು ಸುಮ್ನೆ ಜಾಸ್ತಿ. ನೇರಳೆ ಲೈಟ್ ಬೇಕಾಗಿಲ್ಲ, 4000 ಕೆಲ್ವಿನ್‌ನ (ಇದು ಬೆಳಕಿನ ಬಣ್ಣದ ಅಳತೆ) ಬಿಳಿ ಬೆಳಕಿನಲ್ಲಿ ಎಲೆಯ ನಿಜವಾದ ಬಣ್ಣ ಕಾಣುತ್ತದೆ, ರೋಗ ಬಂದರೆ ಬೇಗ ಗೊತ್ತಾಗುತ್ತದೆ. ಅಳೆಯಲು ದುಬಾರಿ ಮೀಟರ್ ಬೇಡ. ಬಿಳಿ ಎಲ್‌ಇಡಿ ಆದರೆ ಒಂದು ಮೈಕ್ರೋಮೋಲ್ ಅಂದರೆ ಸುಮಾರು 65ರಿಂದ 70 ಲಕ್ಸ್ (ಕಣ್ಣಿಗೆ ಕಾಣುವ ಬೆಳಕಿನ ಅಳತೆ). ಫೋನಿನ ಲಕ್ಸ್ ಆ್ಯಪ್‌ನಲ್ಲಿ 16-17 ಸಾವಿರ ತೋರಿಸಿದರೆ ಅಂದಾಜಿಗೆ ಸರಿ ಇದೆ ಅಂತ. ಎಲ್‌ಇಡಿ ಪಟ್ಟಿಗಳನ್ನು ಪ್ಲಾಸ್ಟಿಕ್‌ಗೆ ನೇರ ಅಂಟಿಸಬೇಡಿ, ಅಲ್ಯೂಮಿನಿಯಂ ತಗಡಿಗೆ ಅಂಟಿಸಿ, ಅದನ್ನು ಚಾವಣಿಯಿಂದ ಸ್ವಲ್ಪ ಕೆಳಗೆ ತೂಗುಹಾಕಿ.

ಕರೆಂಟ್ ಮತ್ತು ನೀರು ಒಂದೇ ತಗಡಿನ ಡಬ್ಬಿಯಲ್ಲಿ ಇರುವುದರಿಂದ ಇಲ್ಲಿ ರಾಜಿ ಇಲ್ಲ. ಫ್ರಿಡ್ಜ್‌ನ ಹಳೆಯ ಅರ್ಥ್ ಸ್ಕ್ರೂಗೆ ಅರ್ಥ್ ವೈರ್ ಹಾಗೇ ಉಳಿಸಿಕೊಂಡೆ. 30 ಮಿಲಿಆಂಪ್ ಕರೆಂಟ್ ಸೋರಿದರೆ ಟ್ರಿಪ್ ಆಗುವ ಬ್ರೇಕರ್ ಮೂಲಕವೇ ಸಪ್ಲೈ. ಒಳಗೆ ಹೋಗುವುದು ಕಡಿಮೆ ವೋಲ್ಟೇಜ್ ಮಾತ್ರ. ಜೊತೆಗೆ ಒಂದು ಚಿಕ್ಕ ಥರ್ಮೋಸ್ಟ್ಯಾಟ್ ಇದೆ, ಒಳಗೆ 35 ಡಿಗ್ರಿ ದಾಟಿದರೆ ಲೈಟ್ ಕಟ್ ಆಗುತ್ತದೆ. ಫ್ಯಾನ್ ನಿಂತು ಲೈಟ್ ಮಾತ್ರ ಉರಿದರೆ ಆ ಫೋಮ್ ಡಬ್ಬಿಯಲ್ಲಿ ಗಿಡ ಬೆಂದೇ ಹೋಗುತ್ತದೆ, ಹಾಗಾಗಿ ಇದನ್ನು ಬಿಡಲೇಬೇಡಿ.

ಮಕ್ಕಳಿರುವ ಮನೆಯಾದರೆ ಬಾಗಿಲಿನ ಬಗ್ಗೆಯೂ ಯೋಚಿಸಿ. ಹಳೆಯ ಫ್ರಿಡ್ಜ್‌ ಒಳಗೆ ಹೊಕ್ಕ ಮಕ್ಕಳು ಬಾಗಿಲು ತೆರೆಯಲಾಗದೆ ಉಸಿರುಕಟ್ಟಿ ಸತ್ತಿದ್ದಾರೆ. ಒಳಗಿನಿಂದ ತೆರೆಯುವಂತಿರಬೇಕು ಅಂತ ಅಮೆರಿಕ 1956ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ನಾನು ಬಾಗಿಲಿನ ರಬ್ಬರ್ ಒಳಗಿದ್ದ ಮ್ಯಾಗ್ನೆಟ್ ಪಟ್ಟಿಯನ್ನು ಮೂರು ಕಡೆ ಎಳೆದು ತೆಗೆದೆ. ಈಗ ಬಾಗಿಲು ನಿಲ್ಲುತ್ತದೆ, ಆದರೆ ಒಳಗಿನಿಂದ ಬೆರಳಲ್ಲಿ ತಳ್ಳಿದರೂ ತೆರೆದುಕೊಳ್ಳುತ್ತದೆ.

ಲೈಟ್ ಆರಿದ ಮೇಲಿನ ಹೊತ್ತು ನಿಜವಾಗಿ ಗಮನ ಕೊಡಬೇಕಾದ ಸಮಯ. ಗಾಳಿ ತಣ್ಣಗಾಗುತ್ತಿದ್ದಂತೆ ತೇವಾಂಶ ಏರುತ್ತದೆ, ಗೋಡೆಯ ಮೇಲೆ ಹನಿ ಕೂರುತ್ತದೆ. ಬೂಷ್ಟು, ಸಸಿ ಕೊಳೆಯುವ ರೋಗ ಶುರುವಾಗುವುದು ಇಂಥ ಹೊತ್ತಿನಲ್ಲೇ. ಸಸಿ ಕೊಳೆ ಬಂದದ್ದು ಹೇಗೆ ಗೊತ್ತಾಗುತ್ತದೆ ಅಂದರೆ, ಎಲೆ ಇನ್ನೂ ಹಸಿರಾಗಿಯೇ ಇರುತ್ತದೆ, ಆದರೆ ಮಣ್ಣಿಗೆ ತಾಗುವ ಕಡೆ ಕಾಂಡ ದಾರದ ಹಾಗೆ ಸಣ್ಣಗಾಗಿ ಕಂದು ಬಣ್ಣಕ್ಕೆ ತಿರುಗಿ, ಸಸಿ ಪಕ್ಕಕ್ಕೆ ಮಲಗುತ್ತದೆ. ಒಂದು ಮಲಗಿತು ಅಂದರೆ ಸುತ್ತಲಿನ ಮಣ್ಣಿನ ಸಮೇತ ಕಿತ್ತು ಹೊರಗೆ ಹಾಕಬೇಕು, ಯೋಚನೆ ಮಾಡಬಾರದು. ತಡೆಯಲು ನಾನು ಮಾಡುವುದು: ಲೈಟ್ ಆರಿದರೂ ಮೇಲಿನ ಒಂದು ಫ್ಯಾನ್ ನಿಲ್ಲಿಸುವುದಿಲ್ಲ, ಮತ್ತು ನೀರು ಕೊಡುವುದು ಲೈಟ್ ಹತ್ತಿದ ತಕ್ಷಣ, ಆರುವ ಹೊತ್ತಿಗಲ್ಲ. ನೀರು ಮೇಲಿನಿಂದ ಹಾಕುವುದೂ ಇಲ್ಲ. ಕೆಳಗಿನ ತಟ್ಟೆಗೆ ಸುರಿದು, ಅರ್ಧ ಗಂಟೆಯಲ್ಲಿ ಹೀರದೆ ಉಳಿದದ್ದನ್ನು ಚೆಲ್ಲಿಬಿಡುತ್ತೇನೆ.

ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು), ಸ್ವಲ್ಪ ಎರೆಗೊಬ್ಬರ, ಇಷ್ಟರಲ್ಲೇ ಎಲ್ಲಾ ಬರುತ್ತದೆ. ಮಣ್ಣಿನ ಮೇಲೆ ಕರಿಯ ಸಣ್ಣ ನೊಣ ಹಾರಾಡಿದರೆ ನೀರು ಜಾಸ್ತಿಯಾಗಿದೆ ಅಂತ ಅರ್ಥ, ಹಳದಿ ಅಂಟು ಹಾಳೆ ಒಂದು ತೂಗುಹಾಕಿ, ನೀರು ಕಡಿಮೆ ಮಾಡಿ. ಟೊಮೆಟೊ, ಮೆಣಸಿನಕಾಯಿ ಇಲ್ಲಿ ಸಸಿ ಹಂತದವರೆಗೆ ಮಾತ್ರ ಚೆಂದ. ನಾಲ್ಕೈದು ಎಲೆ ಬಂದ ಮೇಲೆ ಹೊರಗಿನ ನೆರಳಲ್ಲಿಟ್ಟು, ನಿಧಾನವಾಗಿ ಬಿಸಿಲಿಗೆ ಒಗ್ಗಿಸಿ, ಆಮೇಲೆ ನೆಡಬೇಕು. ಕಾಯಿ ಬಿಡುವ ಗಿಡಕ್ಕೆ ಬೇಕಾದ ಬೆಳಕನ್ನೂ ಎತ್ತರವನ್ನೂ ಈ ಡಬ್ಬಿ ಕೊಡಲಾರದು.

ಕರೆಂಟ್ ಖರ್ಚು ದಿನಕ್ಕೆ ಸುಮಾರು ಒಂದು ಯೂನಿಟ್, ಅಂದರೆ 60 ವ್ಯಾಟ್ 16 ಗಂಟೆ, ಮೇಲೆ ಫ್ಯಾನ್‌ನದ್ದು ಚೂರು. ಆಗಾಗ ಮಾಡುವ ಕೆಲಸ ಎರಡೇ: ಕೆಳಗಿನ ಜಾಲರಿಯ ಧೂಳು ತೆಗೆಯುವುದು, ಮತ್ತು ಬಾಗಿಲಿನ ರಬ್ಬರ್‌ನ ಮಡಿಕೆಗಳನ್ನು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ ಒಣಗಿಸುವುದು. ಕಪ್ಪು ಬೂಷ್ಟು ಮೊದಲು ಕೂರುವುದು ಆ ಮಡಿಕೆಯಲ್ಲೇ, ಅದೂ ಕೆಳಗಿನ ಅಂಚಿನಲ್ಲಿ.