ಕೆರೆಯಾಚೆಯ ಹಕ್ಕಿಗೆ ಸ್ಪಾಟಿಂಗ್ ಸ್ಕೋಪ್: ಐಪೀಸ್ ಆರಿಸುವುದು, ಗುರಿ ಹಿಡಿಯುವುದು

ಗದಗ ಜಿಲ್ಲೆಯ ಮಾಗಡಿ ಕೆರೆಯ ಏರಿಯ ಮೇಲೆ ಚಳಿಗಾಲದ ಬೆಳಗ್ಗೆ ನಿಂತರೆ, ನಡುನೀರಿನಲ್ಲಿ ತೇಲುವ ಬೂದು ಬಣ್ಣದ ಹಿಂಡು ಬೈನಾಕ್ಯುಲರಿಗೂ ಸಿಗುತ್ತದೆ. ಆದರೆ ಪಟ್ಟೆತಲೆ ಹೆಬ್ಬಾತಿನ ತಲೆಯ ಹಿಂಬದಿಯ ಎರಡು ಕಪ್ಪು ಪಟ್ಟೆಗಳನ್ನು ಸ್ಪಷ್ಟವಾಗಿ ನೋಡಬೇಕಾದರೆ, ಅಥವಾ ಮಂಗೋಲಿಯಾದಲ್ಲಿ ಸಂಶೋಧಕರು ಕೆಲವು ಹೆಬ್ಬಾತುಗಳಿಗೆ ತೊಡಿಸಿರುವ ಕೊರಳಪಟ್ಟಿಯ ಅಕ್ಷರಗಳನ್ನು ಓದಬೇಕಾದರೆ, ಟ್ರೈಪಾಡಿನ ಮೇಲೆ ಕೂರಿಸಿ ಒಂದೇ ಕಣ್ಣಿನಿಂದ ನೋಡುವ ದೂರದರ್ಶಕ, ಅಂದರೆ ಸ್ಪಾಟಿಂಗ್ ಸ್ಕೋಪ್ ಬೇಕೇ ಬೇಕು. ಕೊಳ್ಳುವವರು ಮೊದಲು ಕೇಳುವುದು ಅದು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂದು. ನನ್ನ ಮಟ್ಟಿಗೆ ಆ ಪ್ರಶ್ನೆ ಮೂರನೆಯದು. ಕಣ್ಣಿಗೆ ಎಷ್ಟು ಬೆಳಕು ತಲಪುತ್ತದೆ, ನೋಟ ಎಷ್ಟು ಅಗಲವಾಗಿದೆ ಎಂಬುವು ಅದಕ್ಕಿಂತ ಮುಂಚೆ ಬರಬೇಕು.

ಬೆಳಕಿನ ಲೆಕ್ಕ ಸುಲಭ. ಸ್ಕೋಪನ್ನು ಆಕಾಶದ ಕಡೆಗೆ, ಆದರೆ ಸೂರ್ಯನಿಂದ ದೂರಕ್ಕೆ ತಿರುಗಿಸಿ, ಐಪೀಸನ್ನು, ಅಂದರೆ ಕಣ್ಣಿಡುವ ತುದಿಯ ಲೆನ್ಸಿನ ಭಾಗವನ್ನು, ಒಂದಡಿ ಹಿಂದಿನಿಂದ ನೋಡಿದರೆ ಅದರ ನಡುವೆ ಬೆಳಕಿನ ಪುಟ್ಟ ವೃತ್ತವೊಂದು ಕಾಣುತ್ತದೆ. ಮುಂದಿನ ಲೆನ್ಸಿನ ವ್ಯಾಸವನ್ನು ವರ್ಧನೆಯಿಂದ (ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬ ಸಂಖ್ಯೆಯಿಂದ) ಭಾಗಿಸಿದರೆ ಆ ವೃತ್ತದ ಅಗಲ ಸಿಗುತ್ತದೆ: 80 ಮಿ.ಮೀ. ಲೆನ್ಸು 20 ಪಟ್ಟಿನಲ್ಲಿ 4 ಮಿ.ಮೀ. ಕೊಟ್ಟರೆ, 60 ಪಟ್ಟಿನಲ್ಲಿ ಕೇವಲ 1.3 ಮಿ.ಮೀ. ಕೊಡುತ್ತದೆ. ಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿ.ಮೀ. ತೆರೆದಿರುವುದರಿಂದ, ಮಸುಕು ಮುಂಜಾವಿನಲ್ಲಿ ಅದು ಇನ್ನೂ ಅಗಲವಾಗುವುದರಿಂದ, ದೊಡ್ಡ ವರ್ಧನೆಯ ಚಿತ್ರ ಮಬ್ಬಾಗಿ ಕಾಣುವುದರಲ್ಲಿ ಸ್ಕೋಪಿನ ದೋಷವೇನೂ ಇಲ್ಲ.

ಹೆಚ್ಚಿನ ಸ್ಕೋಪುಗಳೊಂದಿಗೆ ಬರುವುದು 20–60 ಪಟ್ಟಿನ ಝೂಮ್ ಐಪೀಸ್. ಒಂದೇ ವರ್ಧನೆಯ, 25 ಅಥವಾ 30 ಪಟ್ಟಿನ ಅಗಲ ನೋಟದ ಐಪೀಸ್ ಬದಲಿಸಿಕೊಳ್ಳುವ ಅವಕಾಶವಿದ್ದರೆ ನಾನು ಅದನ್ನೇ ಆರಿಸುತ್ತೇನೆ. ಸಾಮಾನ್ಯ ಝೂಮ್ ತನ್ನ ಅತಿ ಕಡಿಮೆ ವರ್ಧನೆಯಲ್ಲಿಯೂ ಕೊಳವೆಯೊಳಗಿಂದ ಇಣುಕಿದಂತಹ ಇಕ್ಕಟ್ಟಾದ ನೋಟ ಕೊಡುತ್ತದೆ, ಇದರಿಂದ ಹಿಂಡಿನ ಜೊತೆ ಸಾಗುವುದು ತ್ರಾಸವಾಗುತ್ತದೆ. ಕೊರಳಪಟ್ಟಿಯನ್ನೋ ಕಾಲುಂಗುರವನ್ನೋ ಓದುವುದೇ ಮುಖ್ಯ ಕೆಲಸವಾದವರಿಗೆ ಮಾತ್ರ ಝೂಮ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಒಂದು ತಯಾರಕರ ಐಪೀಸ್ ಇನ್ನೊಬ್ಬರ ಸ್ಕೋಪಿಗೆ ಸಾಮಾನ್ಯವಾಗಿ ಕೂಡುವುದಿಲ್ಲ, ಅಗ್ಗದ ಸ್ಕೋಪುಗಳಲ್ಲಿ ಅದನ್ನು ಬಿಚ್ಚಲೂ ಆಗದೇ ಇರಬಹುದು. ಹಣ ಕೊಡುವ ಮುನ್ನ ಕೇಳಿಕೊಳ್ಳಬೇಕು. ಕನ್ನಡಕ ಹಾಕುವವರು ಕಣ್ಣಿಗೂ ಐಪೀಸಿಗೂ ನಡುವೆ ಕನಿಷ್ಠ 15 ಮಿ.ಮೀ. ಅಂತರದಲ್ಲಿಯೂ ನೋಟದ ಪೂರ್ಣ ವೃತ್ತ ಕಾಣುವಂಥದ್ದನ್ನು, ಅಂಗಡಿಯಲ್ಲಿಯೇ ಕನ್ನಡಕ ತೊಟ್ಟು, ಐಪೀಸಿನ ಅಂಚಿನ ರಬ್ಬರ್ ಕಪ್ಪನ್ನು ಒಳಗೆ ತಿರುಗಿಸಿ ಪರೀಕ್ಷಿಸಿ ಕೊಳ್ಳಬೇಕು.

ಇನ್ನು ಗುರಿ ಹಿಡಿಯುವ ಕೆಲಸ. ಹೊಸಬರು ಸೋಲುವುದು ಇಲ್ಲಿಯೇ: ಬರಿಗಣ್ಣಿಗೆ ಕಂಡ ಹಕ್ಕಿ ಸ್ಕೋಪಿನೊಳಗೆ ಎಲ್ಲಿಯೂ ಇರುವುದಿಲ್ಲ. ಐಪೀಸ್ 45 ಡಿಗ್ರಿ ಬಾಗಿದ ಸ್ಕೋಪಿನಲ್ಲಿ ಕಣ್ಣು ನೆಲದ ಕಡೆಗೆ ನೋಡುತ್ತಿರುವುದರಿಂದ ಈ ತೊಡಕು ಹೆಚ್ಚು. ನೇರ ಸ್ಕೋಪು ಬೇಗ ಗುರಿಗೆ ಬರುತ್ತದೆ, ಆದರೆ ಎತ್ತರದವರೂ ಗಿಡ್ಡವರೂ ಸರದಿಯಲ್ಲಿ ನೋಡುವಾಗ ಬಾಗಿದ್ದೇ ಅನುಕೂಲ. ಇದಕ್ಕೆ ಒಂದು ರೂಪಾಯಿಯ ಉಪಾಯವೊಂದಿದೆ. ವೈರುಗಳನ್ನು ಕಟ್ಟುವ ಪ್ಲಾಸ್ಟಿಕ್ ಟೈ ಒಂದನ್ನು ಸ್ಕೋಪಿನ ಮುಂಭಾಗದ ಸುತ್ತ ಬಿಗಿದು, ಉಳಿದ ಬಾಲವನ್ನು ಅರ್ಧ ಇಂಚು ಮಾತ್ರ ಬಿಟ್ಟು ಕತ್ತರಿಸಿ, ಅದು ಮೇಲ್ಮುಖವಾಗಿ ನಿಲ್ಲುವಂತೆ ಮಾಡಬೇಕು. ದೂರದ ಕರೆಂಟು ಕಂಬದ ತುದಿಯನ್ನು ಐಪೀಸಿನ ನಟ್ಟನಡುವೆ ತಂದು, ಸ್ಕೋಪನ್ನು ಅಲುಗಿಸದೆ, ಒಂದು ಕಣ್ಣು ಮುಚ್ಚಿ ಕೊಳವೆಯ ಮೇಲಿನಿಂದ ನೋಡುತ್ತಾ, ಟೈಯ ತುದಿ ಆ ಕಂಬದ ಮೇಲೆಯೇ ಕೂರುವವರೆಗೆ ಅದನ್ನು ಸರಿಸಬೇಕು. ಪ್ರತಿ ಸಲವೂ ಕಣ್ಣನ್ನು ಅದೇ ಜಾಗದಲ್ಲಿಟ್ಟು ನೋಡಿದರೆ ಗುರಿ ತಪ್ಪುವುದು ಅಪರೂಪ.

ಆಗಲೂ ಹಕ್ಕಿ ಕಾಣದಿದ್ದರೆ ಫೋಕಸನ್ನು ಸಂಶಯಿಸಬೇಕು, ಏಕೆಂದರೆ ಹತ್ತಿರದ ಜೊಂಡಿಗೆ ಹೊಂದಿಸಿದ ಫೋಕಸಿನಲ್ಲಿ ದೂರದ ಬಾತುಕೋಳಿ ಎದುರಿಗಿದ್ದರೂ ಕರಗಿಹೋಗಿರುತ್ತದೆ. ಅದೇ ದೂರದ ಒಣಮರಕ್ಕೋ ಬಂಡೆಗೋ ಮೊದಲು ಫೋಕಸ್ ಕೂರಿಸಿ, ಝೂಮನ್ನು ಅತಿ ಕಡಿಮೆಗೆ ಇಳಿಸಿ, ಆ ಗುರುತಿನಿಂದ ನೀರಿನಂಚಿನ ಗುಂಟ ನಿಧಾನವಾಗಿ ಹಕ್ಕಿಯತ್ತ ಸಾಗಬೇಕು. ಹಕ್ಕಿ ನಡುವಿಗೆ ಬಂದ ಮೇಲಷ್ಟೇ ವರ್ಧನೆ ಏರಿಸಬೇಕು. ಬಿಸಿಲೇರಿ ನೀರಿನ ಮೇಲಿನ ಗಾಳಿ ನಡುಗತೊಡಗಿದಾಗ 60 ಪಟ್ಟು ಕೊಡುವುದು ಕುಣಿಯುವ ಬೂದು ಕಲೆಯನ್ನು ಮಾತ್ರ. ಆಗ 30ಕ್ಕೆ ಇಳಿಯುವುದೇ ಸರಿ.

ಏರಿಯ ಮೇಲೆ ಗಾಳಿ ಜೋರಿದ್ದರೆ ಟ್ರೈಪಾಡಿನ ನಡುಗಂಬವನ್ನು ಎತ್ತದೆ, ಕಾಲುಗಳನ್ನು ಅಗಲಿಸಿ, ನೀರಿನ ಬಾಟಲಿಯ ಚೀಲವನ್ನು ನಡುವೆ ತೂಗುಹಾಕಿ ಕುಳಿತು ನೋಡುವುದು ಒಳ್ಳೆಯದು. ಬೇರೆಯವರಿಗೆ ನೋಡಲು ಬಿಟ್ಟುಕೊಡುವಾಗ, ಫೋಕಸಿನ ಉಂಗುರವನ್ನು ಮಾತ್ರ ಮುಟ್ಟಿರಿ, ಕೊಳವೆಯನ್ನು ಹಿಡಿಯಬೇಡಿರಿ ಎಂದು ಮೊದಲೇ ಹೇಳಿಬಿಡಬೇಕು.