ಬೆಂಗಳೂರು–ಮೈಸೂರು ಆಯ್ತು, ಈಗ ಹಳೆಯ ರಾಜಧಾನಿಗಳ ಸರದಿ: ವಿಜಯಪುರ, ಬಾದಾಮಿ, ಬೆಳಗಾವಿಗೆ ಐದು ದಿನದ ಪ್ರವಾಸ ಹೀಗೆ ಹೊಂದಿಸಿ

ಈ ಕಡೆ ಪ್ರವಾಸ ಬರುವವರಲ್ಲಿ ಬಹಳಷ್ಟು ಜನ ಹುಬ್ಬಳ್ಳಿಯಲ್ಲಿ ಕಾರು ಹಿಡಿಯುತ್ತಾರೆ. ಬೆಳಿಗ್ಗೆ ಬಾದಾಮಿ, ಮಧ್ಯಾಹ್ನ ಪಟ್ಟದಕಲ್ಲು, ಹೊತ್ತು ಇಳಿಯುವಾಗ ಐಹೊಳೆ, ಸಾಧ್ಯವಾದರೆ ಕೂಡಲಸಂಗಮ, ರಾತ್ರಿ ಮರಳಿ ಹುಬ್ಬಳ್ಳಿ. ಫೋಟೊ ಸಿಗುತ್ತವೆ, ಊರು ಸಿಗುವುದಿಲ್ಲ. ಬಾದಾಮಿ ಚಾಲುಕ್ಯರ ರಾಜಧಾನಿ, ವಿಜಯಪುರ ಆದಿಲ್‌ಶಾಹಿಗಳ ರಾಜಧಾನಿ. ರಾಜಧಾನಿ ಎಂದಮೇಲೆ ಅದಕ್ಕೊಂದು ಕೋಟೆ, ಅದರೊಳಗೆ ನೀರು, ನೀರಿನ ಸುತ್ತ ಜನ. ಇವು ಒಂದಕ್ಕೊಂದು ಹೇಗೆ ಹೊಂದಿಕೊಂಡಿವೆ ಎಂದು ತಿಳಿಯಬೇಕಾದರೆ ಆ ಊರಲ್ಲೇ ವಸ್ತಿ ಮಾಡಬೇಕು, ನಸುಕಿನಲ್ಲೂ ಸಂಜೆಯಲ್ಲೂ ಕಾಲ್ನಡಿಗೆಯಲ್ಲಿ ಸುತ್ತಬೇಕು.

ಮೊದಲು ವಾರ ನೋಡಿ, ಆಮೇಲೆ ಟಿಕೆಟ್ ತೆಗೆಸಿ

ವಿಜಯಪುರಕ್ಕೆ ಎರಡು ದಿನ, ಬಾದಾಮಿಗೆ ಎರಡು ದಿನ, ಬೆಳಗಾವಿಗೆ ಒಂದು ದಿನ. ಮೂರೇ ದಿನ ರಜೆ ಇದ್ದರೆ ಬೆಳಗಾವಿ ಬಿಟ್ಟು ವಿಜಯಪುರವನ್ನು ಒಂದು ದಿನಕ್ಕೆ ಇಳಿಸಿ. ಬಾದಾಮಿಯ ಎರಡು ದಿನ ಮಾತ್ರ ಕಡಿತ ಮಾಡಬೇಡಿ.

ಎಲ್ಲಕ್ಕಿಂತ ಹೆಚ್ಚು ಎಡವುವುದು ಶುಕ್ರವಾರಕ್ಕೆ. ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯ, ಬಾದಾಮಿ ಮತ್ತು ಐಹೊಳೆಯ ವಸ್ತುಸಂಗ್ರಹಾಲಯ ಮೂರಕ್ಕೂ ಶುಕ್ರವಾರ ರಜೆ. ವಿಜಯಪುರದ ಜುಮ್ಮಾ ಮಸೀದಿಯಲ್ಲಿ ಅಂದು ಮಧ್ಯಾಹ್ನ ನಮಾಜಿನ ಜನಸಂದಣಿ. ಇನ್ನು ರವಿವಾರ ಗೋಳಗುಮ್ಮಟದೊಳಗೆ ಕೂಗುವವರದೇ ರಾಜ್ಯ. ಆದ್ದರಿಂದ ರವಿವಾರ ಬೆಳಿಗ್ಗೆ ವಿಜಯಪುರದಲ್ಲಿ ಇಳಿಯುವಂತೆ ಹೊಂದಿಸಿಕೊಂಡು, ಗುಮ್ಮಟವನ್ನು ಸೋಮವಾರಕ್ಕೆ ಇಟ್ಟುಕೊಳ್ಳಿ. ಮಂಗಳವಾರ, ಬುಧವಾರ ಬಾದಾಮಿ, ಗುರುವಾರ ಬೆಳಗಾವಿ. ಶುಕ್ರವಾರ ಬರುವಷ್ಟರಲ್ಲಿ ನೋಡುವುದೆಲ್ಲ ಮುಗಿದಿರುತ್ತದೆ.

ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಮಾರ್ಚ್ ದಾಟಿದರೆ ಕಲ್ಲು ಕಾದು ಬರಿಗಾಲು ಊರಲಾಗುವುದಿಲ್ಲ. ಗೋಳಗುಮ್ಮಟ, ಮಸೀದಿ, ಪೂಜೆ ನಡೆಯುವ ಗುಡಿ ಎಲ್ಲ ಕಡೆ ಚಪ್ಪಲಿ ಹೊರಗೇ ಬಿಡಬೇಕಾದ್ದರಿಂದ ಚೀಲದಲ್ಲಿ ಒಂದು ಜೊತೆ ದಪ್ಪ ಕಾಲುಚೀಲ ಇರಲಿ. ಡಿಸೆಂಬರ್ ಎಂದರೆ ಶಾಲಾ ಪ್ರವಾಸದ ಬಸ್ಸುಗಳ ತಿಂಗಳು. ಬನದ ಹುಣ್ಣಿಮೆಯ ಹೊತ್ತಿಗೆ ಬನಶಂಕರಿ ಜಾತ್ರೆ ಇರುವುದರಿಂದ ಬಾದಾಮಿಯಲ್ಲಿ ಲಾಡ್ಜ್ ಸಿಗುವುದು ಕಷ್ಟ. ಜಾತ್ರೆಯನ್ನೇ ನೋಡುವ ಆಸೆ ಇದ್ದರೆ ಬಾಗಲಕೋಟೆಯಲ್ಲಿ ಉಳಿದುಕೊಳ್ಳಿ. ಅಲ್ಲಿ ಕೋಣೆ ಹಿಡಿಯುವಾಗ ಹಳೇ ಊರೋ ನವನಗರವೋ ಎಂದು ಕೇಳಿಕೊಳ್ಳಿ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ನವನಗರ ಹಳೇ ಊರಿನಿಂದ ದೂರ, ಬಸ್ ನಿಲ್ದಾಣಗಳೂ ಬೇರೆ ಬೇರೆ.

ಬೆಂಗಳೂರು, ಮೈಸೂರು ಕಡೆಯವರಿಗೆ ಗೋಳಗುಂಬಜ ಎಕ್ಸ್‌ಪ್ರೆಸ್ ಅನುಕೂಲ. ಸಂಜೆ ಬೆಂಗಳೂರು ಬಿಟ್ಟು ಹುಬ್ಬಳ್ಳಿ, ಗದಗ, ಬಾದಾಮಿ, ಬಾಗಲಕೋಟೆ ಮೇಲೆ ಬೆಳಿಗ್ಗೆ ವಿಜಯಪುರ ಮುಟ್ಟುತ್ತದೆ. ಬಸವ ಎಕ್ಸ್‌ಪ್ರೆಸ್ ಕೂಡ ಇದೆ, ಆದರೆ ಅದು ರಾಯಚೂರು, ಕಲಬುರಗಿ, ಸೊಲ್ಲಾಪುರ ಸುತ್ತಿ ಬರುತ್ತದೆ. ಟಿಕೆಟ್ ಸಿಗದಿದ್ದಾಗ ಮಾತ್ರ ಅದನ್ನು ನೋಡಿ.

ಪುರಾತತ್ವ ಇಲಾಖೆಯ ಪ್ರವೇಶ ಟಿಕೆಟ್ ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾದಾಮಿ ಗುಹೆ, ಐಹೊಳೆಗೆ ತಲಾ 25 ರೂಪಾಯಿ, ವಿಶ್ವ ಪರಂಪರೆ ತಾಣವಾದ ಪಟ್ಟದಕಲ್ಲಿಗೆ 40. ಮೊಬೈಲಿನಲ್ಲಿ ಪಾವತಿಸಿದರೆ 5 ರೂಪಾಯಿ ಕಡಿಮೆ, 15 ವರ್ಷದೊಳಗಿನವರಿಗೆ ಉಚಿತ. ನೆಟ್‌ವರ್ಕ್ ಕೈಕೊಟ್ಟರೆ ಇರಲಿ ಎಂದು ಚಿಲ್ಲರೆ ಇಟ್ಟುಕೊಂಡಿರಿ.

ವಿಜಯಪುರ: ಪಶ್ಚಿಮದಿಂದ ಪೂರ್ವಕ್ಕೆ ಬನ್ನಿ

ನಿಲ್ದಾಣದಲ್ಲಿ ಇಳಿದ ಕೂಡಲೇ ಗುಮ್ಮಟ ಕಾಣುವುದರಿಂದ ಎಲ್ಲರೂ ಅದಕ್ಕೇ ನುಗ್ಗುತ್ತಾರೆ. ನೀವು ಉಲ್ಟಾ ಮಾಡಿ. ರವಿವಾರ ಒಂದು ಆಟೊ ಮಾತಾಡಿಕೊಂಡು ಊರಿನ ಪಶ್ಚಿಮ ತುದಿಗೆ ಹೋಗಿ, ಅಲ್ಲಿಂದ ಪೂರ್ವಕ್ಕೆ ಬನ್ನಿ. ಬಾಡಿಗೆ ಹೇಳುವಾಗ ಸ್ಥಳಗಳ ಹೆಸರು ಒಂದೊಂದಾಗಿ ಹೇಳಿ, ನಿಲ್ಲುವ ಹೊತ್ತೂ ಸೇರಿ ಎಷ್ಟು ಎಂದು ಕೇಳಿ. ‘ಎಲ್ಲಾ ತೋರಿಸ್ತೀನಿ ಬರ‍್ರಿ’ ಎಂಬ ಮಾತಿನಲ್ಲಿ ತಾಜ್ ಬಾವಡಿ ಎಂಬ ಹಳೆಯ ದೊಡ್ಡ ಬಾವಿ ಇರುವುದಿಲ್ಲ.

ಮೊದಲು ಇಬ್ರಾಹಿಂ ರೋಜಾ. 1627ರಲ್ಲಿ ತೀರಿಕೊಂಡ ಎರಡನೇ ಇಬ್ರಾಹಿಂ ಆದಿಲ್‌ಶಾಹಿಯ ಸಮಾಧಿ, ಎದುರಿಗೆ ಮಸೀದಿ, ನಡುವೆ ಕಾರಂಜಿಯ ಹೊಂಡ. ಸಮಾಧಿಯ ಸುತ್ತಿನ ಪಡಸಾಲೆಯಲ್ಲಿ ಕಿಟಕಿಗಳ ಹತ್ತಿರ ನಿಲ್ಲಿ. ಅಲ್ಲಿ ಅಕ್ಷರಗಳನ್ನು ಕಲ್ಲಿನ ಮೇಲೆ ಕೆತ್ತಿಲ್ಲ. ಅಕ್ಷರದ ಸುತ್ತಲಿನ ಕಲ್ಲನ್ನು ಆರಪಾರ ಕೊರೆದು ತೆಗೆದಿದ್ದಾರೆ, ಅಕ್ಷರವೇ ಜಾಲರಿಯಾಗಿ ಉಳಿದಿದೆ. ಗೋಳಗುಮ್ಮಟದ ಗಾತ್ರಕ್ಕೆ ಬಾಯಿ ತೆರೆಯುವವರು ಕೆತ್ತನೆ ಕೆಲಸಕ್ಕೆ ಇಲ್ಲಿಗೇ ಬರಬೇಕು. ಎರಡರಲ್ಲಿ ಒಂದನ್ನೇ ನೋಡುವಷ್ಟು ಹೊತ್ತಿದ್ದರೆ ರೋಜಾ ಆರಿಸಿಕೊಳ್ಳಿ ಎಂದೇ ನಮ್ಮ ಸಲಹೆ.

ಅಲ್ಲಿಂದ ಮಕ್ಕಾ ದರವಾಜಾ ಹಾಯ್ದು ಒಳಗೆ ಬಂದರೆ ತಾಜ್ ಬಾವಡಿ. ವಿಜಯಪುರಕ್ಕೆ ನದಿ ಇಲ್ಲ. ಪಶ್ಚಿಮದ ತೊರವಿ ಹಳ್ಳಿಯಿಂದ, ದಕ್ಷಿಣದ ಬೇಗಂ ತಲಾಬ್ ಕೆರೆಯಿಂದ ನೆಲದೊಳಗಿನ ಕಾಲುವೆ, ಕೊಳವೆಗಳಲ್ಲಿ ನೀರು ತಂದರು. ನಡುನಡುವೆ ‘ಗಂಜ್’ ಎಂಬ ಚೌಕ ಗೋಪುರ ಕಟ್ಟಿದರು. ನೀರಿನ ಒತ್ತಡ ಅಲ್ಲಿ ತಗ್ಗುತ್ತಿತ್ತು, ಹೂಳು ಕೆಳಗೆ ಕೂರುತ್ತಿತ್ತು. ಊರಲ್ಲಿ ಅಡ್ಡಾಡುವಾಗ ಬಾಗಿಲಿಲ್ಲದ, ಎತ್ತರದ ಮೊಂಡು ಗೋಪುರ ಕಂಡರೆ ಅದು ಹಾಳುಬಿದ್ದ ಮಿನಾರಲ್ಲ, ಗಂಜ್.

ಹತ್ತಿರದಲ್ಲೇ ಉಪಲಿ ಬುರ್ಜ್, ಷೇರ್ಜಾ ಬುರ್ಜ್. 1584ರ ಉಪಲಿ ಬುರ್ಜ್ ಸುಮಾರು 80 ಅಡಿ ಎತ್ತರದ ಒಂಟಿ ಗೋಪುರ, ಮೆಟ್ಟಿಲು ಹೊರಮೈಗೆ ಸುತ್ತಿಕೊಂಡು ಏರುತ್ತವೆ. ಮೇಲಿಂದ ಊರಿನ ನಕ್ಷೆ ಮನಸ್ಸಿನಲ್ಲಿ ಮಾಡಿಕೊಳ್ಳಿ: ಸುತ್ತುಗೋಡೆ ಎಲ್ಲಿ ಹಾದಿದೆ, ಒಳಕೋಟೆ ಎಲ್ಲಿ, ಪೂರ್ವಕ್ಕೆ ಗುಮ್ಮಟ ಎಲ್ಲಿ. ಷೇರ್ಜಾ ಬುರ್ಜ್ ಮೇಲೆ ಮಲಿಕ್-ಎ-ಮೈದಾನ್ ತೋಪು ಇದೆ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಬಾಯಿ ತೆರೆದ ಸಿಂಹದ ದವಡೆಯೊಳಗೆ ಆನೆ ಸಿಕ್ಕಿಬಿದ್ದಿರುವುದನ್ನು ಪಕ್ಕದಿಂದ ನೋಡಬೇಕು. ಗಂಟೆಯಂತೆ ನಾದ ಬರುತ್ತದೆಯೆಂದು ಕಲ್ಲಿನಿಂದ ಬಾರಿಸುವವರಿದ್ದಾರೆ, ನೀವು ಸೇರಿಕೊಳ್ಳಬೇಡಿ.

ಮಧ್ಯಾಹ್ನ ಊಟಕ್ಕೆ ಖಾನಾವಳಿ. ಬಿಸಿ ಜೋಳದ ರೊಟ್ಟಿ, ಎಣಗಾಯಿ, ಝುಣಕ, ಶೇಂಗಾ ಹಿಂಡಿ, ಮೊಸರು. ಮೂರು ಗಂಟೆ ದಾಟಿದರೆ ಬಿಸಿ ರೊಟ್ಟಿ ಸಿಗುವ ಖಾತ್ರಿ ಇಲ್ಲ, ಒಣಗಿದ ಕಟಕ್ ರೊಟ್ಟಿಗೆ ತೃಪ್ತಿಪಡಬೇಕು. ಊಟದ ನಂತರ ಗಗನ ಮಹಲ್ ಅರಮನೆ, ಅರ್ಧಕ್ಕೇ ನಿಂತ ಸಮಾಧಿ ಬಾರಾ ಕಮಾನ್, ಕೊನೆಗೆ ಜುಮ್ಮಾ ಮಸೀದಿ. ಇವೆಲ್ಲ ಊರ ನಡುವೆ ಇರುವುದರಿಂದ ಆಟೊ ಬಿಟ್ಟುಬಿಡಿ.

ಗೋಳಗುಮ್ಮಟದ ಪಿಸುಮಾತು ಕೇಳಿಸಬೇಕಾದರೆ

ಸೋಮವಾರ ಬೆಳಿಗ್ಗೆ 6ಕ್ಕೆ ಬಾಗಿಲು ತೆರೆಯುವಾಗಲೇ ಅಲ್ಲಿರಿ. ತಡವಾಗಿ ಹೋದವರು ‘ಏನೂ ಕೇಳಿಸಲಿಲ್ಲ, ಬರೀ ಗದ್ದಲ’ ಎಂದು ಇಳಿದು ಬರುತ್ತಾರೆ. ಕಾರಣ ಸರಳ. ಗುಮ್ಮಟದೊಳಗೆ ಒಂದು ಸದ್ದು ಏಳೆಂಟು ಸಲ ಮರುಕಳಿಸುತ್ತದೆ. ಹತ್ತು ಮಕ್ಕಳು ಕೂಗಿದರೆ ಎಪ್ಪತ್ತು ಕೂಗು ಒಂದರ ಮೇಲೊಂದು ಬೀಳುತ್ತವೆ.

ಒಳಗೆ ಹೋದ ಕೂಡಲೇ ಮೆಟ್ಟಿಲಿಗೆ ಓಡದೆ ನಡುವೆ ನಿಂತು ಮೇಲೆ ನೋಡಿ. ಕೋಣೆ ಚೌಕ, ಗುಮ್ಮಟ ದುಂಡು. ಚೌಕದ ಮೇಲೆ ದುಂಡನೆಯದನ್ನು ಕೂರಿಸಲು ಎಂಟು ಕಮಾನುಗಳನ್ನು ಒಂದನ್ನೊಂದು ಹಾಯುವಂತೆ ಎಬ್ಬಿಸಿ, ಮೂಲೆಗಳನ್ನು ಒಳಕ್ಕೆ ಚಾಚಿದ್ದಾರೆ. ಆ ಚಾಚಿನ ಮೇಲೆಯೇ ಪಿಸುಗುಟ್ಟುವ ಗ್ಯಾಲರಿ ಕೂತಿದೆ. ಒಳವ್ಯಾಸ ಸುಮಾರು 38 ಮೀಟರ್ ಇರುವ ಗುಮ್ಮಟಕ್ಕೆ ನಡುವೆ ಒಂದೂ ಕಂಬ ಇಲ್ಲ. ಕೆಳಗೆ ಕಾಣುವ ಗೋರಿಗಳು ಗುರುತಿನವು. ಮಹಮ್ಮದ್ ಆದಿಲ್‌ಶಾಹಿಯ ನಿಜವಾದ ಗೋರಿ ನೆಲಮಾಳಿಗೆಯಲ್ಲಿದೆ.

ಮೂಲೆಯ ಗೋಪುರದ ಏಳು ಅಂತಸ್ತಿನ ಮೆಟ್ಟಿಲು ಇಕ್ಕಟ್ಟು, ಕಡಿದು. ಮೊಣಕಾಲು ನೋವಿನವರು ಕೆಳಗೇ ಉಳಿಯುವುದು ಲೇಸು, ಏಕೆಂದರೆ ಏರುವುದಕ್ಕಿಂತ ಇಳಿಯುವುದೇ ತ್ರಾಸು. ಮೇಲೆ ಒಬ್ಬರು ಒಂದು ಬದಿ, ಇನ್ನೊಬ್ಬರು ನೇರ ಎದುರು ಬದಿ ಹೋಗಿ. ನಡುಗಾಳಿಗೆ ಮುಖ ಮಾಡಿ ಮಾತಾಡಬೇಡಿ. ಗೋಡೆಗೆ ಮುಖ ಮಾಡಿ ಮೆಲ್ಲಗೆ ಹೇಳಿ, ಎದುರಿನವರು ಗೋಡೆಗೆ ಕಿವಿ ಕೊಡಲಿ. ದನಿ ಬಾಗಿದ ಗೋಡೆಯ ಗುಂಟವೇ ಸಾಗುವುದರಿಂದ ಪಿಸುಮಾತು ಸ್ಪಷ್ಟವಾಗಿ ತಲುಪುತ್ತದೆ. ಜೋರಾಗಿ ಕೂಗಿದರೆ ಪ್ರತಿಧ್ವನಿಯಲ್ಲಿ ಶಬ್ದ ಕಲಸಿಹೋಗುತ್ತದೆ.

ಇಳಿದ ಮೇಲೆ ವಸ್ತುಸಂಗ್ರಹಾಲಯ ತೆರೆಯುವವರೆಗೆ ಹೊರಗೆ ಚಹಾ, ಅವಲಕ್ಕಿ. ಬಾದಾಮಿ ಹತ್ತಿರದ ಮಹಾಕೂಟದಲ್ಲಿದ್ದ, ಚಾಲುಕ್ಯ ಅರಸ ಮಂಗಲೇಶನ ಕಾಲದ ಶಾಸನ ಕಂಬವನ್ನು ಇಲ್ಲಿ ತಂದು ಇಟ್ಟಿದ್ದಾರೆ. ಮುಂದೆ ಮಹಾಕೂಟಕ್ಕೆ ಹೋಗಿ ಹುಡುಕುವ ಬದಲು ಇಲ್ಲೇ ನೋಡಿಕೊಳ್ಳಿ.

ಬಾದಾಮಿ: ಐಹೊಳೆ ಮೊದಲು, ಪಟ್ಟದಕಲ್ಲು ಆಮೇಲೆ

ಸೋಮವಾರವೇ ರೈಲಿನಲ್ಲಿ ಕೃಷ್ಣಾ ನದಿ ದಾಟಿ ಬನ್ನಿ. ಬಾದಾಮಿ ನಿಲ್ದಾಣ ಊರಿಂದ 5 ಕಿ.ಮೀ. ಆಚೆ. ಹೊರಗೆ ಟಂಟಂ (ಹಲವರು ಸೇರಿ ಹೋಗುವ ದೊಡ್ಡ ಆಟೊ) ನಿಂತಿರುತ್ತವೆ.

ಮಂಗಳವಾರ ಐಹೊಳೆ, ಪಟ್ಟದಕಲ್ಲು. ಪಟ್ಟದಕಲ್ಲು 22 ಕಿ.ಮೀ., ಐಹೊಳೆ ಅದರಾಚೆ ಮತ್ತೆ ಹನ್ನೆರಡು-ಹದಿಮೂರು ಕಿ.ಮೀ. ದಾರಿಯಲ್ಲಿ ಮೊದಲು ಸಿಗುತ್ತದೆಂದು ಪಟ್ಟದಕಲ್ಲಿಗೇ ಇಳಿದುಬಿಡುವುದು ರೂಢಿ. ಹಾಗೆ ಮಾಡಿದರೆ ಐಹೊಳೆಗೆ ಹೋಗುವಾಗ ನೆತ್ತಿ ಮೇಲೆ ಸೂರ್ಯ. ಐಹೊಳೆಯ ಗುಡಿಗಳು ಊರ ತುಂಬ ಚದುರಿವೆ, ಮೇಗುತಿ ಗುಡ್ಡದ ಮೇಲೆ ನೆರಳಿಲ್ಲ. ಪಟ್ಟದಕಲ್ಲಿನವು ಒಂದೇ ಆವರಣದ ಹುಲ್ಲುಹಾಸಿನಲ್ಲಿವೆ, ಮಧ್ಯಾಹ್ನ ಮೂರರ ಮೇಲೂ ನಡೆದೀತು.

ಬಿಸಿಲೊಂದೇ ಕಾರಣವಲ್ಲ. ಐಹೊಳೆಯಲ್ಲಿ ಶಿಲ್ಪಿಗಳು ಇನ್ನೂ ಪ್ರಯೋಗ ಮಾಡುತ್ತಿದ್ದಾರೆ: ಲಾಡಖಾನ್ ಗುಡಿಗೆ ಇಳಿಜಾರು ಕಲ್ಲಿನ ಚಾವಣಿ, ದುರ್ಗ ಗುಡಿಯ ಹಿಂಭಾಗ ದುಂಡಗೆ, ರಾವಣಫಡಿ ಬಂಡೆಯಲ್ಲಿ ಕೊರೆದದ್ದು. ಮೇಗುತಿ ಗುಡಿಯ ಗೋಡೆಯಲ್ಲಿ ಇಮ್ಮಡಿ ಪುಲಕೇಶಿಯನ್ನು ಹೊಗಳುವ ರವಿಕೀರ್ತಿಯ ಶಾಸನವಿದೆ, ವರ್ಷ 634. ಇಷ್ಟು ನೋಡಿ ಪಟ್ಟದಕಲ್ಲಿಗೆ ಬಂದರೆ ಕೈ ಪಳಗಿರುವುದು ತಾನಾಗಿ ಕಾಣುತ್ತದೆ. ಗಳಗನಾಥ ಗುಡಿಯ ಬಾಗಿ ಏರುವ ಉತ್ತರ ಭಾರತ ಶೈಲಿಯ ಶಿಖರ, ಅದರ ಪಕ್ಕದಲ್ಲೇ ಸಂಗಮೇಶ್ವರದ ಅಂತಸ್ತು ಅಂತಸ್ತಾದ ದ್ರಾವಿಡ ಶಿಖರ. ಎರಡೂ ಒಂದೇ ಚೌಕಟ್ಟಿಗೆ ಬರುವ ಜಾಗದಲ್ಲಿ ನಿಂತು ಹೋಲಿಸಿ. ಆಮೇಲೆ ವಿರೂಪಾಕ್ಷ. ಎರಡನೇ ವಿಕ್ರಮಾದಿತ್ಯನ ಕಂಚಿಯ ಗೆಲುವಿಗಾಗಿ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಇದು. ಇದನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರನ್ನು ಪೂರ್ವದ ಮಹಾದ್ವಾರದ ಶಾಸನ ಹೇಳುತ್ತದೆ. ಬಹುತೇಕರು ಗರ್ಭಗುಡಿ ನೋಡಿ ಹಾಗೇ ಹಿಂದಿರುಗುತ್ತಾರೆ, ನದಿಯ ಕಡೆಯ ಈ ದ್ವಾರ ತಪ್ಪಿಹೋಗುತ್ತದೆ. ಜೋರು ಮಳೆಗಾಲದಲ್ಲಿ ಮಲಪ್ರಭೆಯ ಸುದ್ದಿ ಕೇಳಿಯೇ ಹೊರಡಿ. 2019ರ ಆಗಸ್ಟ್‌ನಲ್ಲಿ ಪ್ರವಾಹ ಗುಡಿಗಳ ಆವರಣಕ್ಕೇ ನುಗ್ಗಿತ್ತು.

ಐಹೊಳೆಗೆ ಬಸ್ಸು ಕಡಿಮೆ. ಬಸ್ಸಿನ ಆಸೆಯಿಂದ ಹೋದರೆ ದಿನವೆಲ್ಲ ಕಾಯುವುದರಲ್ಲೇ ಹೋಗುತ್ತದೆ, ಬಾದಾಮಿಯಿಂದಲೇ ಆಟೊ ಅಥವಾ ಕಾರು ಮಾಡಿಕೊಳ್ಳಿ. ಉಳಿದ ದೊಡ್ಡ ಮಾರ್ಗಗಳಲ್ಲಿ ಬಸ್ಸಿಗೆ ತೊಂದರೆ ಇಲ್ಲ. ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಶಕ್ತಿ ಯೋಜನೆ ಅನ್ವಯಿಸುತ್ತದೆ, ಆಧಾರ್ ಜೊತೆಗಿರಲಿ.

ಬುಧವಾರ ಪೂರ್ತಿ ಬಾದಾಮಿ ಊರಿಗೆ. ಬೆಳಿಗ್ಗೆ ಗುಹೆಗಳು: ಮೊದಲನೆಯದರ ಹೊರಗೆ ಹದಿನೆಂಟು ಕೈಯ ನಟರಾಜ, ಮೂರನೆಯದರಲ್ಲಿ 578ರ ಮಂಗಲೇಶನ ಶಾಸನ, ನಾಲ್ಕನೆಯದು ಜೈನ ಗುಹೆ. ಮಂಗಗಳು ಪ್ಲಾಸ್ಟಿಕ್ ಚೀಲದ ಸಪ್ಪಳ ಬಲ್ಲವು. ಕೈಯಲ್ಲಿ ಚೀಲ, ಬಾಟಲಿ, ತಿನಿಸು ಹಿಡಿಯದೆ ಎಲ್ಲವನ್ನೂ ಬೆನ್ನಿನ ಬ್ಯಾಗಿಗೆ ಹಾಕಿ ಜಿಪ್ ಎಳೆಯಿರಿ. ಕಸಿದುಕೊಂಡರೆ ಎಳೆದಾಡಬೇಡಿ, ಕಚ್ಚುತ್ತವೆ. ಮಧ್ಯಾಹ್ನ ಟಂಟಂ ಹತ್ತಿ ಬನಶಂಕರಿಗೆ ಹೋದರೆ ಗುಡಿಯ ಬಳಿ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರು ಮಾರುತ್ತಾರೆ. ಊಟ ಅಲ್ಲೇ ಆಗಲಿ. ಸಂಜೆ ಅಗಸ್ತ್ಯತೀರ್ಥದ ದಂಡೆಗುಂಟ ಭೂತನಾಥ ಗುಡಿಗೆ ನಡೆದುಹೋಗಿ. ಕೆರೆಗೆ ಮುಖ ಮಾಡಿದ ಆ ಗುಡಿಯ ಮೇಲೆ ಇಳಿಬಿಸಿಲು ಬೀಳುತ್ತದೆ. ಸೀರೆ, ಖಣ (ರವಿಕೆ ಬಟ್ಟೆ) ಕೊಳ್ಳಬೇಕೆನ್ನುವವರು ಇಲ್ಲಿಂದ ಅರ್ಧ ದಿನ ಗುಳೇದಗುಡ್ಡಕ್ಕೆ ಮೀಸಲಿಡಬಹುದು. ಇಳಕಲ್ ಮಾತ್ರ ದೂರ, ಅದಕ್ಕೆ ಬೇರೆ ದಿನವೇ ಬೇಕು.

ಬೆಳಗಾವಿಗೆ ಒಂದು ದಿನ

ರಾಮದುರ್ಗ, ಯರಗಟ್ಟಿ ಮೇಲೆ ಸುಮಾರು 150 ಕಿ.ಮೀ. ಬುಧವಾರ ರಾತ್ರಿಯೇ ಹೊರಡುವ ಹಟ ಬೇಡ, ಗುರುವಾರ ಮೊದಲ ಬಸ್ಸು ಹಿಡಿಯಿರಿ. ನೇರ ಕೋಟೆಗೆ ಹೋಗಿ. ಒಳಗೆ 1204ರ ಕಮಲ ಬಸದಿ ಇದೆ, ಬೆಳಗಾವಿಯಿಂದ ಆಳಿದ ರಟ್ಟ ಅರಸರ ಮಂತ್ರಿ ಬೀಚಿರಾಜ ಕಟ್ಟಿಸಿದ್ದು. ರಂಗಮಂಟಪದ ನಡುವೆ ನಿಂತು ತಲೆಯೆತ್ತಿದರೆ ಚಾವಣಿಯಿಂದ ಇಳಿಬಿದ್ದ ಕಲ್ಲಿನ ಕಮಲ. ಕೋಟೆಯಲ್ಲಿ ಸೇನೆಗೆ ಸೇರಿದ ಜಾಗವೂ ಇರುವುದರಿಂದ ಫಲಕ ನೋಡಿಯೇ ಕ್ಯಾಮೆರಾ ತೆಗೆಯಿರಿ. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ ಒಂದೇ ಕಾಂಗ್ರೆಸ್ ಅಧಿವೇಶನ, 1924ರದು, ಇದೇ ಊರಲ್ಲಿ ನಡೆದದ್ದು. ಟಿಳಕವಾಡಿಯ ವೀರಸೌಧ ಅದರ ನೆನಪಿನದು.

ಹೊತ್ತು ಉಳಿದರೆ ಧಾರವಾಡ ದಾರಿಯಲ್ಲಿ ಸುಮಾರು 50 ಕಿ.ಮೀ. ದೂರದ ಕಿತ್ತೂರಿಗೆ ಹೋಗಿ ಚನ್ನಮ್ಮನ ಕೋಟೆ ನೋಡಿ, ಹಾಗೆಯೇ ಮುಂದೆ ಧಾರವಾಡ ಇಲ್ಲವೇ ಹುಬ್ಬಳ್ಳಿಯಲ್ಲಿ ರೈಲು ಹತ್ತಬಹುದು. ಆಗ ಟಿಕೆಟನ್ನು ಬೆಳಗಾವಿಯಿಂದ ತೆಗೆಸಿದ್ದರೆ ಹತ್ತುವ ನಿಲ್ದಾಣ ಮೊದಲೇ ಬದಲಿಸಿಕೊಳ್ಳಿ. ಕುಂದಾ ಕೊಳ್ಳುವುದು ಬೆಳಗಾವಿ ಬಿಡುವ ಹೊತ್ತಿಗೆ. ಹಾಲಿನ ಸಿಹಿ, ಬಿಸಿಲಿನ ಬಸ್ಸಿನಲ್ಲಿ ದಿನವೆಲ್ಲ ಇಟ್ಟರೆ ಹುಳಿಯಾಗುತ್ತದೆ. ದೂರದ ಊರಿನವರಿಗೆ ಗೋಕಾಕ ಕರದಂಟು ಒಯ್ಯುವುದು ಸುರಕ್ಷಿತ.