ಜಗಲಿಯ ಶಿಶುವಿಹಾರಕ್ಕೆ ಲೆಕ್ಕ ಬರೆದದ್ದು

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯ ನಮ್ಮ ಮನೆಯ ಜಗಲಿಯಲ್ಲಿ ಅತ್ತೆಯವರು 1991ರಲ್ಲಿ ಮಕ್ಕಳನ್ನು ನೋಡಿಕೊಳ್ಳಲು ತೊಡಗಿದಾಗ ಅದಕ್ಕೆ ಫಲಕವಾಗಲಿ ಹೆಸರಾಗಲಿ ಇರಲಿಲ್ಲ. ಹೆರಿಗೆ ರಜೆ ಮುಗಿದ ನೆರೆಮನೆಯ ಶಿಕ್ಷಕಿಯೊಬ್ಬರು ಕೂಸನ್ನು ಬಿಟ್ಟುಹೋದರು, ಮರುವರ್ಷ ಅವರ ಸಹೋದ್ಯೋಗಿಗಳ ಮಕ್ಕಳೂ ಬಂದರು, ಊರವರೇ ಅದನ್ನು ಶಿಶುವಿಹಾರವೆಂದು ಕರೆದರು. 2018ರ ಜೂನ್‌ನಲ್ಲಿ ನಾನು ಮಂಗಳೂರಿನ ಲೆಕ್ಕಪತ್ರದ ಕೆಲಸವನ್ನು ಬಿಟ್ಟು ಇದರ ಹೊಣೆಯನ್ನು ವಹಿಸಿಕೊಂಡಾಗ ನನಗೆ ಸಿಕ್ಕಿದ್ದು 19 ಮಕ್ಕಳು, ಇಬ್ಬರು ಆಯಾಗಳು ಮತ್ತು ಎಣ್ಣೆ ಕಲೆಯ ಒಂದು ನೋಟುಪುಸ್ತಕ.

ಆ ಪುಸ್ತಕದಲ್ಲಿ ಒಂದು ಮಗುವಿನ ಶುಲ್ಕ ಇನ್ನೊಂದರಂತೆ ಇರಲಿಲ್ಲ. ಒಂದು ಹೆಸರಿನ ಮುಂದೆ ‘ತೆಂಗಿನಕಾಯಿ 20’ ಎಂದಿತ್ತು. ಇನ್ನೊಂದರ ಮುಂದೆ ‘ತಂದೆ ಬಂದ ಮೇಲೆ’ ಎಂದಿತ್ತು, ಎಂದರೆ ಗಲ್ಫಿನಿಂದ ರಜೆಯಲ್ಲಿ ಬಂದಾಗ. ಸಂಬಳ, ಅಕ್ಕಿ, ಹಾಲು, ಗ್ಯಾಸು, ಕರೆಂಟು ಇವನ್ನೆಲ್ಲ ಕಳೆದು ತಿಂಗಳಿಗೆ ಸುಮಾರು 11,000 ರೂಪಾಯಿ ಉಳಿಯುತ್ತಿತ್ತು, ಮನೆಯಲ್ಲಿ ಎಲ್ಲರೂ ಅದನ್ನೇ ಲಾಭವೆಂದು ತಿಳಿದಿದ್ದರು. ನಾನು ಎರಡು ಸಾಲುಗಳನ್ನು ಸೇರಿಸಿದೆ. ಬಳಸುತ್ತಿದ್ದ ಜಗಲಿಯನ್ನೂ ಎರಡು ಕೋಣೆಗಳನ್ನೂ ಬಾಡಿಗೆಗೆ ಕೊಟ್ಟಿದ್ದರೆ 6,000 ಬರುತ್ತಿತ್ತು. ಅಡುಗೆಗೂ ಮೇಲ್ವಿಚಾರಣೆಗೂ ಅತ್ತೆಯವರ ಬದಲಿಗೆ ಹೊರಗಿನವರನ್ನು ಇಟ್ಟಿದ್ದರೆ ಕಡಿಮೆಯೆಂದರೂ 9,000 ಕೊಡಬೇಕಿತ್ತು. ಹಾಗೆ ನೋಡಿದರೆ ತಿಂಗಳಿಗೆ 4,000 ನಷ್ಟ, ಆ ನಷ್ಟವನ್ನು 27 ವರ್ಷ ಅತ್ತೆಯವರ ಸೊಂಟವೇ ಭರಿಸಿತ್ತು. ಲೆಕ್ಕ ತೋರಿಸಿದಾಗ ಅವರು ಕೇಳಿದ್ದು ಒಂದೇ ಮಾತು: “ಲೆಕ್ಕ ಬರದು ಮಕ್ಕಳ ಸಾಂಕುಲೆ ಎಡಿಗಾ ಕೂಸೇ?” ಎಂದರೆ, ಲೆಕ್ಕ ಬರೆದು ಮಕ್ಕಳನ್ನು ಸಾಕಲಾಗುತ್ತದೆಯೇ ಹುಡುಗಿ?

ಅದಕ್ಕೆ ನಾನು ಆಗ ಉತ್ತರ ಕೊಡಲಿಲ್ಲ. ಆದರೆ ಶುಲ್ಕವನ್ನು ವಯಸ್ಸಿಗೆ ತಕ್ಕಂತೆ ನಿಗದಿ ಮಾಡಿದೆ, ಏಕೆಂದರೆ ನಾಲ್ಕು ವರ್ಷದ ಎಂಟು ಮಕ್ಕಳನ್ನು ಒಬ್ಬ ಆಯಾ ಸಂಭಾಳಿಸಬಲ್ಲಳಾದರೂ ಅಂಬೆಗಾಲಿಡುವ ಮೂರು ಕೂಸುಗಳಿಗೆ ಅವಳ ಎರಡು ಕೈಗಳು ಸಾಲುವುದಿಲ್ಲ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆಯು ರಜೆಯನ್ನು 26 ವಾರಗಳಿಗೆ ಏರಿಸಿತು, 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿತು. ನಮ್ಮ ಪೇಟೆಯ ಬಟ್ಟೆ ಅಂಗಡಿ, ಚಿಕ್ಕ ಕ್ಲಿನಿಕ್ಕುಗಳಲ್ಲಿ ಅಷ್ಟು ಜನ ಎಲ್ಲಿಂದ? ಅಲ್ಲಿನ ತಾಯಂದಿರು ಮೂರು ತಿಂಗಳ ಕೂಸನ್ನೂ ಎತ್ತಿಕೊಂಡು ನಮ್ಮಲ್ಲಿಗೆ ಬರುತ್ತಿದ್ದರು. ಹೊಸ ದರ ಹೇಳಿದ ತಿಂಗಳಿನಲ್ಲೇ ಐದು ಮಕ್ಕಳು ಬಿಟ್ಟುಹೋದವು. ತೆಂಗಿನಕಾಯಿಯ ಮನೆಯವರು ಮಾತ್ರ ಹೋಗಲಿಲ್ಲ. ಅವರಿಗೆ ರಿಯಾಯಿತಿಯನ್ನು ಉಳಿಸಿಕೊಂಡೆ, ಆದರೆ ಕಾಯಿಯ ಬೆಲೆಯನ್ನು ಪುಸ್ತಕದಲ್ಲಿ ರೂಪಾಯಿಯಲ್ಲೇ ಬರೆದೆ.

ಮತ್ತೆ ಮಕ್ಕಳು ಬಂದದ್ದು ರೈಲಿನಿಂದ. ಕುಂಬಳೆಯಿಂದ ಬೆಳಗ್ಗೆ ರೈಲು ಹತ್ತಿ ಮಂಗಳೂರಿಗೆ ಕೆಲಸಕ್ಕೆ ಹೋಗುವ ದಾದಿಯರೂ ಬ್ಯಾಂಕಿನವರೂ ಬಹಳ ಮಂದಿ. ನಮ್ಮ ಬಾಗಿಲು ತೆರೆಯುತ್ತಿದ್ದುದು ಒಂಬತ್ತಕ್ಕೆ, ಆ ಹೊತ್ತಿಗೆ ಅವರು ಆಸ್ಪತ್ರೆಯ ವಾರ್ಡಿನಲ್ಲಿರುತ್ತಿದ್ದರು. ಆರೂವರೆಗೆ ತೆರೆದು, ಸಂಜೆ ರೈಲು ಬಂದು ಅರ್ಧ ಗಂಟೆಯಾದ ಮೇಲೆ ಮುಚ್ಚುವುದೆಂದು ನಿರ್ಧರಿಸಿದೆ. ತಡವಾಗಿ ಬಂದವರಿಗೆ ದಂಡ ಹಾಕುವ ಸಲಹೆಯನ್ನು ಹಲವರು ಕೊಟ್ಟರು, ಆದರೆ ರೈಲು ತಡವಾದದ್ದಕ್ಕೆ ತಾಯಿಗೆ ದಂಡ ಹಾಕುವುದು ನನಗೆ ಸರಿ ಕಾಣಲಿಲ್ಲ. ಸಂಜೆ ಉಳಿಯುವ ಆಯಾಳ ಹೆಚ್ಚುವರಿ ಕೂಲಿಯನ್ನು ಆ ಮನೆಗಳಿಗೆಲ್ಲ ತಿಂಗಳಿಗೊಮ್ಮೆ ಸಮನಾಗಿ ಹಂಚಿದೆ. ಒಂದೇ ವರ್ಷದಲ್ಲಿ ಮಕ್ಕಳ ಸಂಖ್ಯೆ 28 ಆಯಿತು.

2020ರ ಮಾರ್ಚ್‌ನಲ್ಲಿ ಕೇರಳ, ಕರ್ನಾಟಕಗಳ ನಡುವಿನ ತಲಪಾಡಿಯ ಗಡಿ ಮುಚ್ಚಿತು, ಶಿಶುವಿಹಾರವೂ ಮುಚ್ಚಿತು. ಆ ಕಾಲದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಕೂಡಿಟ್ಟ ಹಣದಿಂದ ಆಯಾಗಳಿಗೆ ಅರ್ಧ ಸಂಬಳ ಕೊಡುತ್ತಾ ಬಂದೆ. ಮತ್ತೆ ತೆರೆದ ದಿನ ಅವರೆಲ್ಲರೂ ಇದ್ದರು, ಮಕ್ಕಳು ಗುರುತು ಹಿಡಿಯುವುದು ಗೋಡೆಯ ಬಣ್ಣವನ್ನಲ್ಲವಲ್ಲ.

ಪುನಃ ತೆರೆದ ಮೇಲೆ ಹಾಸನದ ಕಡೆಯಿಂದ ಮದುವೆಯಾಗಿ ಬಂದ ಶಿಕ್ಷಕಿಯೊಬ್ಬರನ್ನು ಸೇರಿಸಿಕೊಂಡೆ. ಒಂದು ಮಧ್ಯಾಹ್ನ ಹವ್ಯಕರ ಮನೆಯ ಮೂರು ವರ್ಷದ ಹುಡುಗ “ಎನಗೆ ಒರಗೆಕ್ಕು” ಎಂದು ಅಳತೊಡಗಿದ. ಆಕೆ ಪುಸ್ತಕದ ಕನ್ನಡದಲ್ಲಿ ಅರ್ಥಮಾಡಿಕೊಂಡು ಅವನನ್ನು ಗೋಡೆಗೆ ಒರಗಿಸಿ ಕೂರಿಸಿದರು. ಅವನು ಇನ್ನೂ ಜೋರಾಗಿ ಅತ್ತ. ಒಳಗಿನಿಂದ ಬಂದ ಮಲಯಾಳಿ ಆಯಾ, ಹವ್ಯಕ ಭಾಷೆಯ ಒಂದಕ್ಷರವನ್ನೂ ಕಲಿಯದವಳು, ತನ್ನ ಭಾಷೆಯ ‘ಉರಕ್ಕಂ’ (ನಿದ್ದೆ) ಎಂದು ಕೂಡಲೇ ತಿಳಿದು ಚಾಪೆ ಹಾಸಿ ಮಲಗಿಸಿದಳು. ಆ ವಾರದಿಂದ ಪ್ರತಿ ಮಗುವಿನ ದಾಖಲೆಯಲ್ಲಿ ಒಂದು ಪುಟವನ್ನು ಮಾತಿಗೆಂದೇ ಇಟ್ಟೆ: ನೀರು, ಹಸಿವು, ನಿದ್ದೆ, ಉಚ್ಚೆ, ನೋವು ಇವಕ್ಕೆ ಮನೆಯಲ್ಲಿ ಏನನ್ನುತ್ತಾರೆ ಎಂಬುದನ್ನು ತಾಯಿಯೇ ಬರೆಯಬೇಕು. ತುಳುವಿನ ‘ಬಡವು’, ಮಲಯಾಳದ ‘ವೆಳ್ಳಂ’, ಕೊಂಕಣಿಯ ‘ಉದಾಕ್’ ಎಲ್ಲವೂ ಕನ್ನಡ ಲಿಪಿಯಲ್ಲಿ ಅಲ್ಲಿವೆ. ಹೊಸಬರಿಗೆ ನಾನು ಕೊಡುವ ತರಬೇತಿಯಲ್ಲಿ ಬಾವಿನೀರನ್ನು ಕುದಿಸುವುದಕ್ಕಿಂತಲೂ ಮೊದಲು ಬರುವುದು ಈ ಪುಟ.

ಈಗ 34 ಮಕ್ಕಳಿದ್ದಾರೆ, ಆಯಾಗಳು ಐವರು. ಕಾಸರಗೋಡು ಪೇಟೆಯಲ್ಲಿ ಇನ್ನೊಂದನ್ನು ತೆರೆಯಿರೆಂದು ಕೇಳುವವರಿದ್ದಾರೆ, ಕಟ್ಟಡವೂ ಸಿಗುತ್ತದೆ. ಕೂಸು ಅತ್ತಾಗ ಫೋನಿನಿಂದ ಕಣ್ಣೆತ್ತುವ ಇನ್ನು ಮೂವರು ಸಿಗುವವರೆಗೆ ಆ ಮಾತನ್ನು ಮುಂದೂಡಿದ್ದೇನೆ. ಸಂಬಳದ ಪುಸ್ತಕದ ಮೊದಲ ಸಾಲಿನಲ್ಲಿ ಅತ್ತೆಯವರ ಹೆಸರಿದೆ. ಮೊದಲ ಎರಡು ತಿಂಗಳು ಅವರು ಸಹಿ ಹಾಕಲು ಒಪ್ಪಲಿಲ್ಲ. ಮೂರನೆಯ ತಿಂಗಳು ಸಹಿ ಹಾಕಿ, ಹಣವನ್ನು ಎಣಿಸಿ, ನೂರು ರೂಪಾಯಿ ಕಡಿಮೆಯಿದೆಯೆಂದರು, ಇತ್ತು.